ವೀಟಾ ಕೊಂಡವರು ಮೊದಲು ಯಾವ ಗೇಮ್ ತಗೊಳ್ಳಬೇಕು? ತುಮಕೂರು ರೈಲಿನಲ್ಲಿ ಆಡಿ ನೋಡಿ ಮಾಡಿದ ಹೋಲಿಕೆ

ಗುಬ್ಬಿಯಿಂದ ಅಕ್ಕನ ಮಗ ಬಂದಿದ್ದ. ಕಾಲೇಜ್ ಬ್ಯಾಗಿನಿಂದ ಟವೆಲ್ ಸುತ್ತಿದ ಒಂದು ವಸ್ತು ತೆಗೆದು ನನ್ನ ಮುಂದಿಟ್ಟ. ಬಿಚ್ಚಿ ನೋಡಿದರೆ ಪ್ಲೇಸ್ಟೇಷನ್ ವೀಟಾ, ಕೈಯಲ್ಲಿ ಹಿಡಿದು ಗೇಮ್ ಆಡುವ ಸೋನಿ ಕಂಪನಿಯ ಯಂತ್ರ. ಸೆಕೆಂಡ್ ಹ್ಯಾಂಡ್, ಆದರೂ ಸ್ಕ್ರೀನ್ ಮೇಲೆ ಒಂದು ಗೀರಿಲ್ಲ. ಒಳಗೆ 8 ಜಿಬಿಯ ಒಂದೇ ಮೆಮೊರಿ ಕಾರ್ಡ್.

“ಚಿಕ್ಕಮ್ಮ, ಎರಡು ಗೇಮ್‌ಗೆ ಆಗೋಷ್ಟು ದುಡ್ಡಿದೆ. ಯಾವುದು ತಗೊಳ್ಳಲಿ ಹೇಳು,” ಅಂದ.

ಪಟ್ಟಿಯನ್ನೂ ಅವನೇ ಬರೆದುಕೊಂಡು ಬಂದಿದ್ದ. ಅನ್‌ಚಾರ್ಟೆಡ್, ಕಾಲ್ ಆಫ್ ಡ್ಯೂಟಿ, ಕಿಲ್‌ಜೋನ್. ಎಲ್ಲವೂ ಟಿವಿಗೆ ಹಾಕಿ ಆಡುವ ದೊಡ್ಡ ಕನ್ಸೋಲ್‌ಗಳಲ್ಲಿ ಹೆಸರು ಮಾಡಿದ ಸರಣಿಗಳು. ವೀಟಾಗೆ ಅಂತಲೇ ಹೊಸದಾಗಿ ಶುರುವಾದ ಒಂದು ಸರಣಿಯೂ ಆ ಪಟ್ಟಿಯಲ್ಲಿ ಇರಲಿಲ್ಲ. ಅವನ ತಪ್ಪಲ್ಲ. ಅಂಥ ಸರಣಿಗಳ ಹೆಸರನ್ನೇ ಅವನು ಕೇಳಿರಲಿಲ್ಲ. ಅವತ್ತು ರಾತ್ರಿ ಊಟ ಆದಮೇಲೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಹಳೆ ವೀಟಾ ಹುಡುಕುತ್ತಿರುವವರು ನಮ್ಮ ಕಡೆ ಇನ್ನೂ ಇದ್ದಾರೆ ಅಂತ ನನಗೆ ಗೊತ್ತು.

ನಾನು ದಿನಾ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಹೋಗಿ ಬರುತ್ತೇನೆ. ಹೆಚ್ಚುಕಮ್ಮಿ ಒಂದೂವರೆ ಗಂಟೆಯ ದಾರಿ. ಕೆಳಗೆ ಹೇಳುವ ಅಷ್ಟೂ ಗೇಮ್‌ಗಳನ್ನು ಆಡಿದ್ದು ಆ ಸೀಟಿನಲ್ಲೇ, ಸೀಟು ಸಿಗದ ದಿನ ಬಾಗಿಲ ಪಕ್ಕ ಒರಗಿ ನಿಂತು. ಹಾಗಾಗಿ ನನ್ನ ಅಳತೆಗೋಲು ರೈಲಿನದು. ಅಲುಗಾಡುವ ಬೋಗಿಯಲ್ಲಿ ಆಡಲು ಆಗುತ್ತಾ? ಸ್ಟೇಷನ್ ಬಂದಾಗ ತಕ್ಷಣ ನಿಲ್ಲಿಸಿ, ಸಂಜೆ ಅಲ್ಲಿಂದಲೇ ಮುಂದುವರಿಸಬಹುದಾ? ಮುಖ್ಯವಾಗಿ, ಈ ಗೇಮ್‌ಗೆ ಈ ವೀಟಾನೇ ಬೇಕಾ, ಬೇರೆ ಕಡೆ ಇದಕ್ಕಿಂತ ಚೆನ್ನಾಗಿ ಸಿಗುತ್ತಾ?

ಹೊಸ ಸರಣಿಗಳು ಯಾಕೆ ಬಂದವು

ಇದು ಗೊತ್ತಿದ್ದರೆ ಆಯ್ಕೆ ಸುಲಭ.

ವೀಟಾಗಿಂತ ಮುಂಚೆ ಸೋನಿಯ ಪಿಎಸ್‌ಪಿ ಅನ್ನುವ ಕೈಯಂತ್ರ ಇತ್ತು. 2004ರಲ್ಲಿ ಜಪಾನ್‌ನಲ್ಲಿ ಬಂತು. ಅಲ್ಲಿ ಅದನ್ನು ಮನೆಮನೆಗೆ ತಲುಪಿಸಿದ್ದು ಕ್ಯಾಪ್‌ಕಾಮ್ ಕಂಪನಿಯ ಮಾನ್‌ಸ್ಟರ್ ಹಂಟರ್. ನಾಲ್ಕು ಜನ ಒಟ್ಟಿಗೆ ಕೂತು, ತಮ್ಮ ತಮ್ಮ ಪಿಎಸ್‌ಪಿ ಹಿಡಿದು, ಒಂದೇ ದೈತ್ಯ ಪ್ರಾಣಿಯನ್ನು ಬೇಟೆಯಾಡುವ ಗೇಮ್ ಅದು. 2010ರ ಕೊನೆಯಲ್ಲಿ ಬಂದ ಒಂದು ಭಾಗ ಜಪಾನ್ ಒಂದರಲ್ಲೇ 40 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು.

2011ರಲ್ಲಿ ಲೆಕ್ಕ ಬದಲಾಯಿತು. ಸೋನಿಯ ಎದುರಾಳಿ ನಿಂಟೆಂಡೊ ಆ ವರ್ಷ ಫೆಬ್ರವರಿಯಲ್ಲಿ 3ಡಿಎಸ್ ಅನ್ನುವ ತನ್ನ ಕೈಯಂತ್ರ ಬಿಟ್ಟಿತ್ತು. ಅಂದುಕೊಂಡಷ್ಟು ಹೋಗಲಿಲ್ಲ. ಆಗಸ್ಟ್‌ನಲ್ಲಿ ಬೆಲೆಯನ್ನು 25,000 ಯೆನ್‌ನಿಂದ 15,000 ಯೆನ್‌ಗೆ ಇಳಿಸಿದರು. ಸೆಪ್ಟೆಂಬರ್‌ನಲ್ಲಿ, ಮುಂದಿನ ಮಾನ್‌ಸ್ಟರ್ ಹಂಟರ್ 3ಡಿಎಸ್‌ಗೆ ಬರುತ್ತದೆ ಅಂತ ಘೋಷಣೆಯಾಯಿತು. ವೀಟಾ ಅಂಗಡಿಗೆ ಬಂದಿದ್ದು ಡಿಸೆಂಬರ್ 17ಕ್ಕೆ. ಅದರ ಬೆಲೆ ಸುಮಾರು 25,000 ಯೆನ್. ಹುಟ್ಟುವ ಮೊದಲೇ ಮನೆ ನಡೆಸುತ್ತಿದ್ದ ಸರಣಿ ಎದುರು ಮನೆಗೆ ಹೋಗಿಬಿಟ್ಟಿತ್ತು.

ಸೋನಿ ಮುಂದೆ ಎರಡು ದಾರಿ ಇದ್ದವು. ಒಂದು, ದೊಡ್ಡ ಕನ್ಸೋಲ್‌ನ ಹೆಸರುವಾಸಿ ಸರಣಿಗಳನ್ನು ಚಿಕ್ಕದು ಮಾಡಿ ಇಲ್ಲಿಗೆ ತರುವುದು. ಇನ್ನೊಂದು, ಹೊಸ ಸರಣಿಗಳನ್ನೇ ಬೆಳೆಸುವುದು. ಸೋನಿ ಎರಡನ್ನೂ ಮಾಡಿತು. ನನ್ನ ಅನುಭವದಲ್ಲಿ ಎರಡನೆಯ ದಾರಿಯಲ್ಲಿ ಬಂದ ಗೇಮ್‌ಗಳೇ ಇವತ್ತಿಗೂ ವೀಟಾ ಕೊಳ್ಳಲು ಕಾರಣ. ಮೊದಲ ದಾರಿಯಲ್ಲಿ ಬಂದವುಗಳಲ್ಲಿ ಹೆಚ್ಚಿನವನ್ನು ಈಗ ಬಿಟ್ಟರೂ ನಷ್ಟವಿಲ್ಲ.

ಗ್ರಾವಿಟಿ ರಶ್

2012ರ ಫೆಬ್ರವರಿಯಲ್ಲಿ ಜಪಾನ್‌ನಲ್ಲಿ ಬಂತು. ಮಾಡಿದ್ದು ಸೋನಿಯ ಜಪಾನ್ ಸ್ಟುಡಿಯೋ. ನಿರ್ದೇಶಕ ಕೇಯಿಚಿರೊ ತೊಯಾಮಾ. ಅದಕ್ಕೆ ಮುಂಚೆ ಸೈಲೆಂಟ್ ಹಿಲ್‌ನಂಥ ಭಯ ಹುಟ್ಟಿಸುವ ಗೇಮ್ ಮಾಡಿದವರು ಇಷ್ಟು ಹಗುರವಾದ, ಗಾಳಿಯಂಥ ಗೇಮ್ ಮಾಡಿದ್ದಾರೆ ಅಂದರೆ ನನಗೆ ಈಗಲೂ ಆಶ್ಚರ್ಯ. ಶುರುವಿನಲ್ಲಿ ಇದನ್ನು ಸೋನಿಯ ಟಿವಿ ಕನ್ಸೋಲ್ ಪಿಎಸ್3ಗೆ ಅಂತ ಯೋಚಿಸಿದ್ದರು, ಆಮೇಲೆ ವೀಟಾಗೆ ತಂದರು. ಆಡುವಾಗ ಮಾತ್ರ ಹಾಗನ್ನಿಸುವುದಿಲ್ಲ. ಇದಕ್ಕೇ ಅಳತೆ ತೆಗೆದು ಹೊಲಿದ ಬಟ್ಟೆಯ ಹಾಗಿದೆ.

ನಾಯಕಿ ಕ್ಯಾಟ್. ನೆನಪು ಕಳೆದುಕೊಂಡ ಹುಡುಗಿ, ಜೊತೆಗೆ ಒಂದು ಬೆಕ್ಕು. ಬಲಗಡೆಯ ಆರ್ ಬಟನ್ ಒತ್ತಿದರೆ ಅವಳು ನೆಲ ಬಿಟ್ಟು ತೇಲುತ್ತಾಳೆ. ಎಲ್ಲಿಗೆ ಹೋಗಬೇಕೋ ಅತ್ತ ಗುರಿಯಿಟ್ಟು ಇನ್ನೊಮ್ಮೆ ಒತ್ತಿದರೆ ಆ ದಿಕ್ಕಿಗೆ ಬೀಳುತ್ತಾಳೆ. ಹಾರುವುದಿಲ್ಲ, ಬೀಳುತ್ತಾಳೆ. ಎದುರಿನ ಗೋಡೆಯೇ ನೆಲವಾಗುತ್ತದೆ, ಅದರ ಮೇಲೆ ಓಡಾಡಬಹುದು. ಗುರಿಯಿಡಲು ಹೆಬ್ಬೆರಳಿನಿಂದ ತಿರುಗಿಸುವ ಸ್ಟಿಕ್ ಬಳಸಬಹುದು, ಇಲ್ಲವೇ ವೀಟಾವನ್ನೇ ಆ ಕಡೆಗೆ ತಿರುಗಿಸಬಹುದು. ಕತೆ ಹೇಳುವಾಗ ಕಾಮಿಕ್ಸ್ ಪುಟಗಳ ಥರ ಚೌಕಗಳು ಬರುತ್ತವೆ. ಕೈಯಲ್ಲಿರುವುದನ್ನು ಸ್ವಲ್ಪ ವಾಲಿಸಿದರೆ ಚಿತ್ರದೊಳಗಿನ ಜನ, ಹಿಂದಿನ ಕಟ್ಟಡ ಬೇರೆ ಬೇರೆಯಾಗಿ ಜರುಗುತ್ತವೆ. ಒಂದು ದಿನ ನಿಡವಂದ ದಾಟಿ ರೈಲು ತಿರುವು ತೆಗೆದುಕೊಂಡಾಗ ಆ ಚಿತ್ರವೂ ತಾನಾಗಿಯೇ ಒಂದು ಪಕ್ಕಕ್ಕೆ ಜರುಗಿತು. ಪಕ್ಕದಲ್ಲಿ ಕೂತಿದ್ದ ಆಂಟಿ “ಅಯ್ಯೋ, ಇದೇನಮ್ಮ!” ಅಂತ ಬಗ್ಗಿ ನೋಡಿದರು. ಸೋಲದೇವನಹಳ್ಳಿ ಬರುವವರೆಗೂ ಅವರೇ ವಾಲಿಸಿ ವಾಲಿಸಿ ನೋಡುತ್ತಿದ್ದರು.

ಕೊರತೆ ಇಲ್ಲದಿಲ್ಲ. ಗಾಳಿಯಲ್ಲಿ ಜಗಳವಾಡುವಾಗ ಕ್ಯಾಮೆರಾ ಎತ್ತಲೋ ತಿರುಗಿ ಶತ್ರು ಕಣ್ಣಿಗೇ ಬೀಳುವುದಿಲ್ಲ. ಇಕ್ಕಟ್ಟಿನ ಜಾಗದಲ್ಲಿ ಇದು ಜಾಸ್ತಿ. ಇದೇ ಗೇಮ್ ಆಮೇಲೆ ಪಿಎಸ್4ಗೂ ಬಂತು, ಎರಡನೆಯ ಭಾಗ 2017ರಲ್ಲಿ ಪಿಎಸ್4ಗೆ ಮಾತ್ರ ಬಂತು. ಮನೆಯಲ್ಲಿ ಪಿಎಸ್4 ಇದ್ದರೆ ಅಲ್ಲಿ ದೊಡ್ಡ ಪರದೆಯಲ್ಲಿ, ನುಣುಪಾಗಿ ಆಡಬಹುದು. ಇಲ್ಲದಿದ್ದರೆ ಯೋಚನೆ ಬೇಡ, ವೀಟಾದಲ್ಲಿ ಮೊದಲು ಇದನ್ನೇ ತಗೊಳ್ಳಿ.

ಸೋಲ್ ಸ್ಯಾಕ್ರಿಫೈಸ್

ನಾನು ಅತಿ ಹೆಚ್ಚು ಗಂಟೆ ಕಳೆದದ್ದು ಇದರಲ್ಲಿ. ಮಾನ್‌ಸ್ಟರ್ ಹಂಟರ್ ಬಿಟ್ಟುಹೋದ ಜಾಗ ತುಂಬಲು ಸೋನಿ ತಂದ ಹೊಸ ಬೆಳೆ ಇದು. 2013ರಲ್ಲಿ ಬಂತು. ಇದರ ಹಿಂದಿದ್ದವರು ಕೇಯಿಜಿ ಇನಾಫುನೆ. ಮಾನ್‌ಸ್ಟರ್ ಹಂಟರ್ ಮಾಡಿದ ಕ್ಯಾಪ್‌ಕಾಮ್‌ನಲ್ಲೇ ವರ್ಷಗಟ್ಟಲೆ ಇದ್ದು, 2010ರಲ್ಲಿ ಹೊರಬಂದವರು.

ಒಬ್ಬ ಮಾಂತ್ರಿಕನ ಸೆರೆಯಲ್ಲಿ ನೀವು ಸಾವಿಗಾಗಿ ಕಾಯುತ್ತಿರುತ್ತೀರಿ. ಕೈಗೆ ಒಂದು ಪುಸ್ತಕ ಸಿಗುತ್ತದೆ. ಅದರ ಹೆಸರು ಲೈಬ್ರೋಮ್. ಅದಕ್ಕೆ ಮುಖವಿದೆ, ಕಣ್ಣಿದೆ, ಮಾತೂ ಆಡುತ್ತದೆ. ಅದರ ಪುಟ ತೆರೆದು ಹಿಂದೆ ನಡೆದ ಕಾಳಗಗಳನ್ನು ನೀವೇ ಆಡಬೇಕು. ಸೋತ ಶತ್ರು ಬಿದ್ದಾಗ ಎರಡೇ ಆಯ್ಕೆ. ಉಳಿಸುವುದು, ಇಲ್ಲವೇ ಬಲಿ ಕೊಡುವುದು. ಉಳಿಸಿದರೆ ನಿಮ್ಮ ಜೀವಬಲ ಏರುತ್ತದೆ. ಬಲಿ ಕೊಟ್ಟರೆ ಮಂತ್ರಬಲ. ಆ ರಾಕ್ಷಸರೆಲ್ಲ ಒಂದು ಕಾಲಕ್ಕೆ ಮನುಷ್ಯರಾಗಿದ್ದವರು. ಅವರು ಹಾಗಾದ ಕತೆಯನ್ನು ಪುಸ್ತಕದಲ್ಲೇ ಓದಿರುತ್ತೀರಿ. ಹಾಗಾಗಿ ಆ ಬಟನ್ ಒತ್ತುವುದು ಸುಲಭವಲ್ಲ. ನಾನು ಮೊದಲ ವಾರ ಎಲ್ಲರನ್ನೂ ಉಳಿಸಿದೆ. ಮಂತ್ರಬಲ ಸಾಲದೆ ಮುಂದಿನ ಬಾಸ್, ಅಂದರೆ ದೊಡ್ಡ ರಾಕ್ಷಸನ ಹತ್ತಿರ ಆರು ಸಲ ಸೋತೆ.

ತೀರಾ ಕಷ್ಟ ಬಂದರೆ ನಿಮ್ಮ ಮೈಯನ್ನೇ ಬಲಿ ಕೊಡುವ ಮಂತ್ರಗಳಿವೆ. ಕಣ್ಣು ಕೊಟ್ಟರೆ ಸ್ಕ್ರೀನಿನಲ್ಲಿ ಕಾಣುವ ಜಾಗವೇ ಕಡಿಮೆಯಾಗುತ್ತದೆ. ಚರ್ಮ ಕೊಟ್ಟರೆ ಆಮೇಲೆ ಬೀಳುವ ಪ್ರತಿ ಏಟೂ ಜಾಸ್ತಿ ತಾಗುತ್ತದೆ. ಕಾಳಗ ಮುಗಿದ ಮೇಲೂ ಅದು ಹಾಗೇ ಉಳಿಯುತ್ತದೆ. ಸರಿಮಾಡಲು ಬೇಕಾಗುವುದು ಲೈಬ್ರೋಮ್‌ನ ಕಣ್ಣೀರು. ಪುಸ್ತಕ ಅಳುವಾಗ ಸ್ಕ್ರೀನಿನ ಮೇಲೆ ಬೆರಳಿಟ್ಟು ಆ ಕಣ್ಣನ್ನು ಒರೆಸಬೇಕು. ಬೆಳಗಿನ ರೈಲಿನಲ್ಲಿ ಯಾರೂ ಮಾತಾಡದ ಹೊತ್ತಿನಲ್ಲಿ ಒಂದು ಪುಸ್ತಕದ ಕಣ್ಣೀರು ಒರೆಸಿದ್ದು ನನಗೆ ಮರೆಯುವುದಿಲ್ಲ.

ರೈಲಿಗೆ ಇದರಷ್ಟು ಹೊಂದುವ ಗೇಮ್ ಇನ್ನೊಂದಿಲ್ಲ. ಸಣ್ಣ ಸಣ್ಣ ಕಾಳಗಗಳು. ಹಿರೇಹಳ್ಳಿಯಲ್ಲಿ ಶುರು ಮಾಡಿದರೆ ದಾಬಸ್‌ಪೇಟೆ ಬರುವಷ್ಟರಲ್ಲಿ ಒಂದು ಮುಗಿಯುತ್ತದೆ. ಮಾಡಿದ್ದನ್ನೇ ಮಾಡುವುದು ಸ್ವಲ್ಪ ಇದೆ. ಚಿತ್ರಗಳು ಕರಾಳ, ರಕ್ತವೂ ಇದೆ, ಹಾಗಾಗಿ ಚಿಕ್ಕ ಮಕ್ಕಳಿಗೆ ಬೇಡ. 2014ರಲ್ಲಿ ಇದನ್ನೇ ಹಿಗ್ಗಿಸಿ ಸೋಲ್ ಸ್ಯಾಕ್ರಿಫೈಸ್ ಡೆಲ್ಟಾ ಅಂತ ತಂದರು. ಸಿಕ್ಕರೆ ಡೆಲ್ಟಾನೇ ತಗೊಳ್ಳಿ, ಹಳೆಯದರಲ್ಲಿ ಇದ್ದದ್ದೆಲ್ಲ ಅದರಲ್ಲಿದೆ. ಇನ್ನೊಂದು ವಿಷಯ. ಈ ಸರಣಿ ವೀಟಾ ಬಿಟ್ಟು ಬೇರೆಲ್ಲೂ ಬಂದಿಲ್ಲ. ಇದನ್ನು ಆಡಬೇಕೆಂದರೆ ವೀಟಾ ಇರಲೇಬೇಕು.

ಫ್ರೀಡಮ್ ವಾರ್ಸ್

ಇದೂ ಬೇಟೆಯ ಗೇಮೇ. 2014ರಲ್ಲಿ ಬಂತು. ಹುಟ್ಟಿದ್ದೇ ತಪ್ಪು ಅನ್ನುವ ಹಾಗೆ ನಿಮಗೆ 10 ಲಕ್ಷ ವರ್ಷದ ಜೈಲುಶಿಕ್ಷೆ. ದೈತ್ಯ ಯಂತ್ರಗಳು ಹೊತ್ತೊಯ್ದ ಜನರನ್ನು ಬಿಡಿಸಿಕೊಂಡು ಬಂದರೆ ಶಿಕ್ಷೆ ಇಳಿಯುತ್ತದೆ. ಶುರುವಿನಲ್ಲಿ ಸೆಲ್‌ನೊಳಗೆ ನಾಲ್ಕು ಹೆಜ್ಜೆ ಜಾಸ್ತಿ ನಡೆದರೂ ಶಿಕ್ಷೆ ಏರುತ್ತದೆ. ಮಲಗಿದರೂ ಏರುತ್ತದೆ. ನಡೆಯುವ, ಮಲಗುವ ಹಕ್ಕನ್ನು ಒಂದೊಂದಾಗಿ ಸಂಪಾದಿಸಬೇಕು. ಮಲಗುವ ಹಕ್ಕು ಸಿಕ್ಕಿದ ದಿನ ನಾನು ಸುಮ್ನೆ ಐದು ನಿಮಿಷ ನನ್ನ ಪಾತ್ರವನ್ನು ಹಾಸಿಗೆ ಮೇಲೆ ಮಲಗಿಸಿಟ್ಟಿದ್ದೆ.

ಕೈಯಿಂದ ಮುಳ್ಳುಬಳ್ಳಿಯಂಥ ಒಂದು ಹಗ್ಗ ಎಸೆದು, ದೈತ್ಯನ ಮೈಗೆ ಸಿಕ್ಕಿಸಿ, ಮೇಲೇರಿ, ಕೈಕಾಲು ಕೊಯ್ದು ಹಾಕುವುದು ಇದರ ಮಜಾ. ಆದರೆ ಕತೆ ನಡುವೆ ಎಳೆಯುತ್ತದೆ. ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಚಿಕ್ಕ ಸ್ಕ್ರೀನಿನಲ್ಲಿ ಜಗಳದ ಮಧ್ಯೆ ಅದನ್ನು ಓದುವುದು ಕಷ್ಟ. 2025ರ ಜನವರಿಯಲ್ಲಿ ಇದರ ತಿದ್ದಿದ ಆವೃತ್ತಿ ಪ್ಲೇಸ್ಟೇಷನ್, ಸ್ವಿಚ್ ಮತ್ತು ಪಿಸಿಗೆ ಬಂದಿದೆ. ಅವುಗಳಲ್ಲಿ ಯಾವುದಾದರೂ ಇದ್ದರೆ ಅಲ್ಲೇ ಆಡಿ. ವೀಟಾಗೆ ಇಟ್ಟ ದುಡ್ಡನ್ನು ಬೇರೆ ಗೇಮ್‌ಗೆ ಉಳಿಸಿ.

ಟೇರ್‌ಅವೇ, ಮತ್ತು ನಾನು ಮೋಸಹೋದ ಕತೆ

ಕಾಗದದ ಲೋಕದ ಗೇಮ್ ಇದು. 2013ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಮೀಡಿಯಾ ಮಾಲಿಕ್ಯೂಲ್ ತಂಡ ಮಾಡಿದ್ದು. ಲಕೋಟೆಯನ್ನೇ ತಲೆಯಾಗಿಸಿಕೊಂಡ ಒಂದು ಪುಟ್ಟ ಪಾತ್ರ ನಿಮಗೆ ಒಂದು ಸಂದೇಶ ತರುತ್ತದೆ. ಎದುರಿನ ಕ್ಯಾಮೆರಾ ನಿಮ್ಮ ಮುಖ ಹಿಡಿದು ಆ ಲೋಕದ ಸೂರ್ಯನೊಳಗೆ ಇಡುತ್ತದೆ. ಅಳಿಲಿನ ರಾಜನಿಗೆ ಕಿರೀಟ ಬೇಕಾದರೆ ನೀವೇ ಬೆರಳಿನಲ್ಲಿ ಗೀಚಿ, ಬಂಗಾರದ ಕಾಗದ ಕತ್ತರಿಸಿ ಕೊಡಬೇಕು. ವೀಟಾದ ಬೆನ್ನ ಮೇಲಿನ ಟಚ್ ಪ್ಯಾಡ್ ಮುಟ್ಟಿದರೆ ನಿಮ್ಮ ಬೆರಳು ಕಾಗದದ ನೆಲವನ್ನು ಹರಿದುಕೊಂಡು ಒಳಗೆ ಬರುತ್ತದೆ. ಆ ಬೆನ್ನ ಟಚ್ ಯಾಕಿದೆ ಅಂತ ಎಷ್ಟೋ ಗೇಮ್‌ಗಳಿಗೇ ಗೊತ್ತಿರಲಿಲ್ಲ. ಇದಕ್ಕೆ ಗೊತ್ತಿತ್ತು.

ನನ್ನ ಮೊದಲ ವೀಟಾ ಕೊಂಡಾಗ ಅಂಗಡಿಯವರು “ಎಲ್ಲಾ ಪರ್ಫೆಕ್ಟ್ ಮೇಡಂ” ಅಂದಿದ್ದರು. ಎರಡು ತಿಂಗಳು ಬೇರೆ ಗೇಮ್ ಆಡಿದೆ, ಏನೂ ಗೊತ್ತಾಗಲಿಲ್ಲ. ಟೇರ್‌ಅವೇ ಹಾಕಿದ ದಿನ ಗೊತ್ತಾಯಿತು. ಡೋಲಿನ ಚರ್ಮದಂಥ ಜಾಗದ ಮೇಲೆ ಪಾತ್ರ ನಿಂತಿದೆ. ಹಿಂದಿನಿಂದ ತಟ್ಟಿದರೆ ಮೇಲಕ್ಕೆ ಚಿಮ್ಮಬೇಕು. ತಟ್ಟಿದೆ, ತಟ್ಟಿದೆ, ಚಿಮ್ಮಲೇ ಇಲ್ಲ. ಬೆನ್ನ ಟಚ್‌ನ ಎಡಭಾಗ ಪೂರ್ತಿ ಸತ್ತಿತ್ತು. ವಾಪಸ್ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಆ ಗೇಮ್ ಮುಗಿಸಲು ಇನ್ನೊಂದು ವೀಟಾ ಸಿಗುವವರೆಗೂ ಕಾದೆ.

ಆರೇಳು ಗಂಟೆಯ ಚಿಕ್ಕ ಗೇಮ್. ಪಿಎಸ್4ಗೂ 2015ರಲ್ಲಿ ಬಂತು, ಆದರೆ ಬೆರಳು ನೆಲ ಹರಿಯುವ ಖುಷಿ ಅಲ್ಲಿಲ್ಲ. ಮನೆಯಲ್ಲಿ ಎಂಟು ಹತ್ತು ವರ್ಷದ ಮಕ್ಕಳಿದ್ದರೆ ಎಲ್ಲಕ್ಕಿಂತ ಮೊದಲು ಇದು.

ಹಾಗಾದರೆ ದೊಡ್ಡ ಹೆಸರುಗಳು?

ಅನ್‌ಚಾರ್ಟೆಡ್ ಗೋಲ್ಡನ್ ಅಬಿಸ್ ವೀಟಾ ಜೊತೆಗೇ ಬಂತು. ನೋಡಲು ಚೆಂದ. ಆದರೆ ಆಡುತ್ತಾ ಆಡುತ್ತಾ ‘ಇದರ ಅಣ್ಣಂದಿರು ಟಿವಿಯಲ್ಲಿ ಇನ್ನೂ ಚೆನ್ನಾಗಿದ್ದಾರೆ’ ಅನ್ನುವುದು ತಲೆಯಿಂದ ಹೋಗುವುದಿಲ್ಲ. ಟಚ್ ಇದೆ ಅಂತ ಎಲ್ಲೆಲ್ಲೂ ಉಜ್ಜಲು ಹೇಳುತ್ತದೆ. ರೈಲಿನ ಬಿಸಿಲಲ್ಲಿ ಚೆನ್ನಾಗಿ ನಡೆಯುವುದು ‘ಬೆಳಕಿಗೆ ಹಿಡಿ’ ಅನ್ನುವ ಒಂದು ಜಾಗ ಮಾತ್ರ, ಉಳಿದ ತಂತ್ರಗಳು ಬೇಸರವೇ. 2012ರ ಕಾಲ್ ಆಫ್ ಡ್ಯೂಟಿ ಡಿಕ್ಲಾಸಿಫೈಡ್ ಅನ್ನು ಹೆಸರು ನೋಡಿ ಕೊಳ್ಳಬೇಡಿ. ಅವಸರದ ಕೆಲಸ, ಬಂದಾಗಲೇ ವಿಮರ್ಶಕರು ಕೈಬಿಟ್ಟಿದ್ದರು.

ಕಿಲ್‌ಜೋನ್ ಮರ್ಸಿನರಿ ಮಾತ್ರ ಬೇರೆ. 2013ರಲ್ಲಿ ಬಂದ ಇದು ನಿಜಕ್ಕೂ ಚೆನ್ನಾಗಿದೆ. ಮಾಡಿದ ಪ್ರತಿ ಕೆಲಸಕ್ಕೂ ಅಲ್ಲೇ ದುಡ್ಡು ಬೀಳುತ್ತದೆ, ಆ ದುಡ್ಡಲ್ಲಿ ಬಂದೂಕು ಕೊಳ್ಳುತ್ತೀರಿ. ಗುಂಡಿನ ಆಟವೇ ಬೇಕು ಅನ್ನುವವರು ಕಣ್ಣು ಮುಚ್ಚಿ ಇದನ್ನು ತಗೊಳ್ಳಿ.

ಪರ್ಸೋನಾ 4 ಗೋಲ್ಡನ್ ಬಗ್ಗೆ ಕೇಳದವರಿಲ್ಲ. ವೀಟಾವನ್ನು ಎಷ್ಟೋ ಜನ ಅದಕ್ಕಾಗಿಯೇ ಕೊಂಡರು. 60 ಗಂಟೆಗೂ ಮೀರಿದ ಶಾಲಾ ಹುಡುಗರ ಕತೆ. ದಿನಾ ಒಂದೂವರೆ ಗಂಟೆ ದಾರಿ ಇರುವವರಿಗೆ ಎರಡು ತಿಂಗಳ ಸಂಗಾತಿ. ಆದರೆ 2020ರಲ್ಲಿ ಪಿಸಿಗೆ, 2023ರಲ್ಲಿ ಇತರ ಕನ್ಸೋಲ್‌ಗಳಿಗೂ ಬಂದಿದೆ. ಅದಕ್ಕಾಗಿ ಈಗ ವೀಟಾ ಕೊಳ್ಳಬೇಕಿಲ್ಲ.

3ಡಿಎಸ್ ತಗೊಂಡರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಅದು ಸುಮಾರು 7.6 ಕೋಟಿ ಮಾರಾಟವಾದ ಯಂತ್ರ, ಗೇಮ್‌ಗಳೂ ಅಷ್ಟೇ ಚೆನ್ನಾಗಿವೆ. ಹಳೆ ಮಾರಿಯೊ ಜೊತೆಗೆ ಯೋಕೈ ವಾಚ್‌ನಂಥ ಹೊಸ ಸರಣಿಯೂ ಅಲ್ಲೇ 2013ರಲ್ಲಿ ಹುಟ್ಟಿತು. ತೊಂದರೆ ಏನೆಂದರೆ ಅದರ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲಿ ಮುಚ್ಚಿತು. ಜಪಾನಿನ ಕಾರ್ಟ್ರಿಡ್ಜ್ (ಗೇಮ್ ತುಂಬಿ ಮಾರುವ ಚಿಕ್ಕ ಕಾರ್ಡ್) ಅಮೆರಿಕದ ಯಂತ್ರಕ್ಕೆ ಹೊಂದುವುದಿಲ್ಲ. ವೀಟಾದಲ್ಲಿ ಆ ಬೀಗ ಇಲ್ಲ. ಎಲ್ಲಿಯ ಕಾರ್ಟ್ರಿಡ್ಜ್ ಆದರೂ ನಡೆಯುತ್ತದೆ. ನಮ್ಮಂಥ ಊರಿನಲ್ಲಿ, ಯಾರೋ ಹೊರದೇಶದಿಂದ ತಂದದ್ದು ಕೈಗೆ ಸಿಗುವ ಕಡೆ, ಇದು ದೊಡ್ಡ ಅನುಕೂಲ.

ಕೊಳ್ಳುವ ಮುಂಚೆ ಇಷ್ಟು ನೋಡಿ

ಬೆನ್ನ ಟಚ್‌ನ ನಾಲ್ಕೂ ಮೂಲೆ ತಟ್ಟಿ ನೋಡಿ. ನನ್ನ ಹಾಗೆ ಆಮೇಲೆ ಒದ್ದಾಡಬೇಡಿ. ಎರಡೂ ಸ್ಟಿಕ್ ಬಿಟ್ಟಾಗ ಪಾತ್ರ ತಾನಾಗಿ ನಡೆಯಬಾರದು. ಮೊದಲ ಮಾಡೆಲ್‌ನಲ್ಲಿ ಓಎಲ್‌ಇಡಿ ಸ್ಕ್ರೀನ್, ಕಪ್ಪು ಅಂದರೆ ಕಡುಕಪ್ಪು. ಸೋಲ್ ಸ್ಯಾಕ್ರಿಫೈಸ್‌ಗೆ ಅದೇ ಚೆಂದ. ಆದರೆ ಅದರ ಚಾರ್ಜರ್ ಕೇಬಲ್ ಬೇರೆ, ಕಳೆದರೆ ಹುಡುಕಬೇಕು. 2013ರಿಂದ ಬಂದ ತೆಳ್ಳನೆಯ ಮಾಡೆಲ್‌ಗೆ ಹಳೆ ಫೋನುಗಳ ಮೈಕ್ರೋ ಯುಎಸ್‌ಬಿ ಕೇಬಲ್ ಸಾಕು, ಒಳಗೆ 1 ಜಿಬಿ ಜಾಗವೂ ಇದೆ. ದಿನಾ ಪ್ರಯಾಣ ಮಾಡುವವರಿಗೆ ನಾನು ತೆಳ್ಳನೆಯದನ್ನೇ ಹೇಳುತ್ತೇನೆ.

ಮೆಮೊರಿ ಕಾರ್ಡ್ ವೀಟಾದ ದೊಡ್ಡ ನೋವು. ಸೋನಿಯದೇ ವಿಶೇಷ ಕಾರ್ಡ್ ಬೇಕು. ಫೋನಿನ ಕಾರ್ಡ್ ನೇರವಾಗಿ ಹೋಗುವುದಿಲ್ಲ. ಹೊಸದಾಗಿ ಬಂದಾಗಲೇ ಅಮೆರಿಕದಲ್ಲಿ 32 ಜಿಬಿ ಕಾರ್ಡ್‌ಗೆ 100 ಡಾಲರ್ ಇತ್ತು. ವೀಟಾ ಸೋತಿದ್ದಕ್ಕೆ ಈ ಕಾರ್ಡ್ ಕೂಡ ಒಂದು ಕಾರಣ ಅಂತ ನಾನು ನಂಬುತ್ತೇನೆ. 8 ಜಿಬಿ ಮಾತ್ರ ಇರುವವರು ಆದಷ್ಟೂ ಕಾರ್ಟ್ರಿಡ್ಜ್ ಕೊಳ್ಳಿ. ಡೌನ್‌ಲೋಡ್ ಮಾಡಿದರೆ ಎರಡು ಮೂರು ಗೇಮ್‌ಗೇ ಕಾರ್ಡ್ ತುಂಬುತ್ತದೆ. ವೀಟಾದ ಆನ್‌ಲೈನ್ ಅಂಗಡಿಯನ್ನು 2021ರಲ್ಲಿ ಮುಚ್ಚುತ್ತೇವೆ ಎಂದಿದ್ದ ಸೋನಿ, ಜನ ಬೇಜಾರು ಮಾಡಿಕೊಂಡ ಮೇಲೆ ಆ ನಿರ್ಧಾರ ಬಿಟ್ಟಿತು. ಆದರೆ ಅದೇ ವರ್ಷದ ಅಕ್ಟೋಬರ್‌ನಿಂದ ವೀಟಾದಲ್ಲೇ ಬ್ಯಾಂಕ್ ಕಾರ್ಡ್ ಹಾಕಿ ಕೊಳ್ಳಲು ಆಗುವುದಿಲ್ಲ. ಮೊದಲೇ ಆ ಅಂಗಡಿಯ ನಿಮ್ಮ ಖಾತೆಗೆ (ವ್ಯಾಲೆಟ್) ದುಡ್ಡು ತುಂಬಿಸಿಕೊಳ್ಳಬೇಕು.

ಕಾಯದ ಬೆಳೆ

ಇಷ್ಟು ಒಳ್ಳೆಯ ಹೊಸ ಸರಣಿಗಳಿದ್ದೂ ವೀಟಾ ಯಾಕೆ ಉಳಿಯಲಿಲ್ಲ ಅಂತ ಅಕ್ಕನ ಮಗ ಕೇಳಿದ. ನಾನು ತಿಪಟೂರಿನ ಅಜ್ಜನ ತೋಟ ನೆನಪಿಸಿದೆ. ತೆಂಗಿನ ಸಸಿ ಇಟ್ಟರೆ ಫಲಕ್ಕೆ ಆರೇಳು ವರ್ಷ ನೀರು ಹಾಕುತ್ತಾ ಕಾಯಬೇಕು. ನಿಂಟೆಂಡೊದ ಹಳೆ ಕೈಯಂತ್ರ ಗೇಮ್ ಬಾಯ್ ಬಂದದ್ದು 1989ರಲ್ಲಿ. ಅದಕ್ಕೆ ವಯಸ್ಸಾಯಿತು ಅನ್ನುವ ಹೊತ್ತಿಗೆ, 1996ರಲ್ಲಿ, ಪೋಕೆಮಾನ್ ಬಂತು. ಹುಳ ಹಿಡಿದು ಬೆಳೆದ ಸತೋಶಿ ತಜಿರಿ ಮತ್ತು ಅವರ ತಂಡ ಅದಕ್ಕೆ ಆರು ವರ್ಷ ದುಡಿದಿದ್ದರು. ಎರಡು ಗೇಮ್ ಬಾಯ್ ನಡುವೆ ಒಂದು ಕೇಬಲ್ ಸಿಕ್ಕಿಸಿ ಪ್ರಾಣಿಗಳನ್ನು ಬದಲಾಯಿಸಿಕೊಳ್ಳುವ ಆ ಆಟ, ಹಳೆಯ ಯಂತ್ರಕ್ಕೆ ಮತ್ತೆ ಜೀವ ಕೊಟ್ಟಿತು.

ಸೋನಿ ಅಷ್ಟು ಕಾಯಲಿಲ್ಲ. ಗ್ರಾವಿಟಿ ರಶ್‌ನ ಎರಡನೆಯ ಭಾಗ ಪಿಎಸ್4ಗೆ ಹೋಯಿತು. ಫ್ರೀಡಮ್ ವಾರ್ಸ್‌ಗೆ ಎರಡನೆಯ ಭಾಗವೇ ಇಲ್ಲ. 2015ರಲ್ಲಿ ತಮ್ಮ ಸ್ವಂತ ಸ್ಟುಡಿಯೋಗಳಲ್ಲಿ ವೀಟಾಗೆ ಯಾವ ಗೇಮೂ ತಯಾರಾಗುತ್ತಿಲ್ಲ ಅಂತ ಸೋನಿಯವರೇ ಹೇಳಿದರು. 2019ರ ಮಾರ್ಚ್‌ನಲ್ಲಿ ಜಪಾನ್‌ನಲ್ಲೂ ತಯಾರಿಕೆ ನಿಂತಿತು. ಸಸಿ ಒಳ್ಳೆಯ ಜಾತಿಯದೇ ಇತ್ತು. ಅದಕ್ಕೇ ನನಗೆ ಹೊಟ್ಟೆ ಉರಿಯುವುದು.

ಗುಬ್ಬಿಯಿಂದ ತುಮಕೂರಿಗೆ ಅವನ ದಾರಿ ಇಪ್ಪತ್ತು ಇಪ್ಪತ್ತೈದು ನಿಮಿಷದ್ದು. ಅಷ್ಟರಲ್ಲಿ ಪರ್ಸೋನಾದ ಒಂದು ಮಾತುಕತೆಯೂ ಮುಗಿಯುವುದಿಲ್ಲ. ಅವನ ಮನೆಯಲ್ಲಿ ಪಿಎಸ್4 ಇಲ್ಲ. ಅದಕ್ಕೇ ಗ್ರಾವಿಟಿ ರಶ್ ಮತ್ತು ಸೋಲ್ ಸ್ಯಾಕ್ರಿಫೈಸ್, ಎರಡನ್ನೂ ಕಾರ್ಟ್ರಿಡ್ಜ್‌ನಲ್ಲೇ ತಗೋ ಅಂದೆ. ಪಟ್ಟಿಯಲ್ಲಿದ್ದ ಕಿಲ್‌ಜೋನ್ ಮುಂದಿನ ತಿಂಗಳಿಗೆ.

ನಿನ್ನೆ ಬೆಳಗ್ಗೆ ನಾನು ಕ್ಯಾತ್ಸಂದ್ರ ದಾಟುತ್ತಿದ್ದಾಗ ಅವನ ಮೆಸೇಜ್ ಬಂತು. “ಚಿಕ್ಕಮ್ಮ, ಪುಸ್ತಕ ಅಳ್ತಾ ಇದೆ. ಏನ್ಮಾಡ್ಲಿ?”

“ಒರೆಸು ಕಣೋ. ಕೂಡಿಟ್ಕೋ, ಮುಂದೆ ಬೇಕಾಗುತ್ತೆ,” ಅಂತ ಬರೆದೆ.